ರಾಪ್ ಆಲ್ಬಂ ಒಳಗೆ ಜಾಝ್ ಸೇರಿದ ಹಾಗೆ ನಮ್ಮ ತತ್ವಪದ ಸೇರುತ್ತದಾ?

ಅಪ್ಪನಕೆರೆ ಹುಡುಗ, ಕಲಬುರಗಿ

ನಾವು ನಾಲ್ಕು ಜನ ಗೆಳೆಯರು ಕಲಬುರಗಿಯಲ್ಲಿ ರಾಪ್ ಬರೆಯುತ್ತೇವೆ, ಹಾಡುತ್ತೇವೆ. ಇಲ್ಲಿಯವರೆಗೆ ಬಿಡಿ ಹಾಡುಗಳನ್ನೇ ಮಾಡಿದ್ದು. ಈಗ ಪೂರ್ತಿ ಒಂದು ಆಲ್ಬಂ ಮಾಡಬೇಕು ಅಂತ ಮನಸ್ಸಾಗಿದೆ. ಅದಕ್ಕೆ ಮೊದಲು ಅಮೆರಿಕದ ರಾಪರ್ ಕೆಂಡ್ರಿಕ್ ಲಾಮಾರ್ ಅವರ 2015ರ ‘ಟು ಪಿಂಪ್ ಎ ಬಟರ್‌ಫ್ಲೈ’ ಆಲ್ಬಂ ಅನ್ನು ಒಟ್ಟಿಗೆ ಕೂತು ಮೊದಲಿಂದ ಕೊನೆತನಕ ಕೇಳಿದೆವು. 16 ಹಾಡು, ಹತ್ತಿರ ಹತ್ತಿರ 80 ನಿಮಿಷ. ಮುಗಿದ ಮೇಲೆ ನಮ್ಮಲ್ಲೇ ವಾದ ಶುರುವಾಯಿತು.

ಇಬ್ಬರ ಪ್ರಕಾರ ಇದು ರಾಪ್ ಅಲ್ಲ, ಜಾಝ್ ಹಾಕಿಕೊಂಡು ಅದರ ಮೇಲೆ ಮಾತಾಡಿದ್ದು. ನನಗಂತೂ ಇಷ್ಟು ದೊಡ್ಡ ಕೆಲಸ ರಾಪ್‌ನಲ್ಲಿ ಬೇರೆ ಯಾರೂ ಮಾಡಿಲ್ಲ ಅನಿಸಿತು. ಜಾಝ್, ಫಂಕ್, ಸೋಲ್ ಅಂತ ಅಮೆರಿಕದ ಕಪ್ಪು ಜನರ ಹಳೆ ಸಂಗೀತವೆಲ್ಲ ಇದೆ, ನಡುವೆ ಒಂದು ಪದ್ಯ, ಕೊನೆಗೆ ಒಂದು ಸಂಭಾಷಣೆ. ಇಷ್ಟೆಲ್ಲ ಸೇರಿದರೂ ಅದು ಹಿಪ್‌ಹಾಪ್, ಅಂದರೆ ಬೀಟ್ ಮತ್ತೆ ರಾಪ್‌ನ ಸಂಗೀತ, ಆಗಿಯೇ ಉಳಿದದ್ದು ಹೇಗೆ? ತಿಳಿದವರು ಹೇಳಿ.

ಇನ್ನೊಂದು ಮಾತು. ನಮ್ಮ ಕಡೆಯ ತತ್ವಪದ, ಮೊಹರಂ ಪದ, ಖವ್ವಾಲಿ, ಹಲಗೆ ಇವನ್ನೆಲ್ಲ ಇಟ್ಟುಕೊಂಡು ನಾವೂ ಹಾಗೆ ಮಾಡಬಹುದಾ? ಊಟದ ಎಲೆ ತುದಿಗೆ ಉಪ್ಪಿನಕಾಯಿ ಹಾಕಿದ ಹಾಗೆ ನಡುವೆ ನಾಲ್ಕು ಸೆಕೆಂಡ್ ಏಕತಾರಿ ಕೇಳಿಸಿ ಫ್ಯೂಷನ್ ಅಂತ ಹೆಸರಿಡುವ ಮನಸ್ಸಿಲ್ಲ.

ಸ್ಟೇಷನ್ ಬಜಾರ್

ಆ ಇಬ್ಬರು ಗೆಳೆಯರ ಮಾತೇ ಖರೇ. ನಾನು ಮೂರನೇ ಹಾಡಿಗೇ ಬಂದ್ ಮಾಡಿದೆ. ಸ್ಯಾಕ್ಸೋಫೋನು, ಪಿಯಾನೋ ಗದ್ದಲದ ನಡುವೆ ಒಂದೇ ಉಸಿರಲ್ಲಿ ಏನೇನೋ ಹೇಳುತ್ತಾ ಹೋಗುತ್ತಾನೆ. ಬೀಟ್ ಎಲ್ಲಿದೆ ಅದರಲ್ಲಿ?

ಬೀದರ್ ಬೀಟ್ಸ್

ಬಜಾರ್ ಅಣ್ಣಾ, ನೀವು ಹೇಳುತ್ತಿರುವುದು ಎರಡನೇ ಹಾಡು. ಅದು ಇರುವುದೇ ಎರಡು ನಿಮಿಷ ಚಿಲ್ಲರೆ. ಅದನ್ನು ದಾಟಿದ ಕೂಡಲೇ ಬರುವುದು ‘ಕಿಂಗ್ ಕುಂಟಾ’. ಅದರ ಬೇಸ್ ಕೇಳಿದ ಮೇಲೆ ಬೀಟ್ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ದಯವಿಟ್ಟು ಅಲ್ಲಿಂದ ಮುಂದಕ್ಕೆ ಕೇಳಿ ನೋಡಿ.

ತಮ್ಮನ ಪ್ರಶ್ನೆಗೆ ಬರೋಣ. ಬೇರೆ ಸಂಗೀತ ತಂದು ಸೇರಿಸಿದ್ದಾರೆ ಅನ್ನುವುದೇ ಪೂರ್ತಿ ಸರಿಯಲ್ಲ. ಹಿಪ್‌ಹಾಪ್ ಹುಟ್ಟಿದ್ದೇ ಬೇರೆಯವರ ರೆಕಾರ್ಡಿನಿಂದ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಂದು ಪಾರ್ಟಿ ನಡೆಯಿತು. ಏರ್ಪಾಡು ಮಾಡಿದ್ದು ತಂಗಿ, ರೆಕಾರ್ಡ್ ಹಾಕಿದ್ದು ಅಣ್ಣ ಡಿಜೆ ಕೂಲ್ ಹರ್ಕ್. ಫಂಕ್, ಸೋಲ್ ಹಾಡುಗಳಲ್ಲಿ ಗಾಯನ ನಿಂತು ಬರೀ ಡ್ರಮ್ ಉಳಿಯುವ ಜಾಗ ಒಂದಿರುತ್ತದೆ. ಜನ ಕುಣಿಯುವುದು ಅಲ್ಲೇ ಜಾಸ್ತಿ ಅಂತ ಅವರು ಗಮನಿಸಿದ್ದರು. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಆ ಜಾಗ ಮುಗಿಯುತ್ತಿದ್ದ ಹಾಗೆ ಇನ್ನೊಂದರಲ್ಲಿ ಅದನ್ನೇ ಮತ್ತೆ ಹಾಕುವುದು. ಆ ಡ್ರಮ್ ಮೇಲೆ ಮಾತು ಸೇರಿತು, ರಾಪ್ ಬೆಳೆಯಿತು. ಅಂದ ಮೇಲೆ ಫಂಕ್ ಇವರಿಗೆ ಹೊರಗಿನದ್ದು ಹೇಗಾಗುತ್ತದೆ? ಕೆಂಡ್ರಿಕ್ ಆಲ್ಬಮ್ಮಿನ ಮೊದಲ ಹಾಡಿನಲ್ಲೇ ಜಾರ್ಜ್ ಕ್ಲಿಂಟನ್ ದನಿ ಇದೆ. ಫಂಕ್ ಅಂದರೆ ನೆನಪಾಗುವ ಹಿರಿಯರಲ್ಲಿ ಅವರು ಒಬ್ಬರು. ಮನೆಯ ದೊಡ್ಡವರನ್ನು ಕರೆದು ಮುಂದೆ ಕೂರಿಸಿದ್ದಾರೆ ಅಷ್ಟೆ.

ಜಾಝ್ ಕೂಡ ಹೊಸದಲ್ಲ. 1991ರಲ್ಲೇ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಅನ್ನುವ ರಾಪ್ ತಂಡದವರು ತಮ್ಮ ‘ದಿ ಲೋ ಎಂಡ್ ಥಿಯರಿ’ ಆಲ್ಬಮ್ಮಿಗೆ ರಾನ್ ಕಾರ್ಟರ್ ಅವರನ್ನು ಕರೆಸಿ ಅವರಿಂದ ಬೇಸ್ ನುಡಿಸಿಕೊಂಡಿದ್ದರು. ಕಾರ್ಟರ್ 60ರ ದಶಕದಲ್ಲಿ ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ತಂಡದಲ್ಲಿದ್ದವರು.

ಸ್ಟೇಷನ್ ಬಜಾರ್

ಸರಿ, ಮತ್ತೆ ಕೇಳುತ್ತೇನೆ. ಆದರೆ 1991ರಲ್ಲೇ ಮಾಡಿದ್ದರೆ ಇದರಲ್ಲಿ ವಿಶೇಷ ಏನು?

ಬೀದರ್ ಬೀಟ್ಸ್

ನುಡಿಸುವವರು ಎದುರಿಗೆ ಕೂತು ನುಡಿಸಿದ್ದು. ಹಿಂದೆ ಜಾಸ್ತಿ ಮಾಡುತ್ತಿದ್ದದ್ದು ಹಳೆ ಜಾಝ್ ರೆಕಾರ್ಡಿನಿಂದ ತುಂಡು ತೆಗೆದು ಸುತ್ತು ಹಾಕುವುದು. ತುಂಡು ಅಂದರೆ ತುಂಡೇ. ಹಾಡುವವನು ಏನೇ ಹೇಳಲಿ, ಅದು ಹಾಗೇ ಸುತ್ತುತ್ತಿರುತ್ತದೆ. ಇಲ್ಲಿ ಥಂಡರ್‌ಕ್ಯಾಟ್ ಬೇಸ್, ಟೆರೇಸ್ ಮಾರ್ಟಿನ್ ಸ್ಯಾಕ್ಸ್, ರಾಬರ್ಟ್ ಗ್ಲಾಸ್ಪರ್ ಕೀಬೋರ್ಡ್, ಕಮಾಸಿ ವಾಷಿಂಗ್ಟನ್ ಸ್ಯಾಕ್ಸ್ ಮತ್ತೆ ತಂತಿವಾದ್ಯಗಳ ಜೋಡಣೆ. ಇವರಲ್ಲಿ ಹೆಚ್ಚಿನವರು ಲಾಸ್ ಏಂಜಲೀಸ್‌ನಲ್ಲೇ ಒಟ್ಟಿಗೆ ಬೆಳೆದವರು. ಕೆಂಡ್ರಿಕ್ ಅಲ್ಲೇ ಪಕ್ಕದ ಕಾಂಪ್ಟನ್‌ನವರು. ಅವರು ದನಿ ಏರಿಸಿದರೆ ವಾದ್ಯವೂ ಏರುತ್ತದೆ, ತಡವರಿಸಿದರೆ ವಾದ್ಯವೂ ತಡವರಿಸುತ್ತದೆ. ಹಾಗೆ ತೆಗೆದ ತುಂಡು, ಅಂದರೆ ಸ್ಯಾಂಪಲ್, ಇಲ್ಲ ಅಂತಲ್ಲ, ಇದೆ. ಆದರೆ ಅದರ ಮೇಲೆ ಜೀವಂತ ಮನುಷ್ಯರು ಇದ್ದಾರೆ.

ಡಗ್ಗಾ ಮಾಸ್ತರ

ನಾನು ಭಜನೆಗೆ ತಬಲಾ ಬಾರಿಸುವವನು. ರಾಪ್ ಜಾಸ್ತಿ ಕೇಳಿದವನಲ್ಲ. ಈ ಚರ್ಚೆ ನೋಡಿ ನಿನ್ನೆ ರಾತ್ರಿ ಮಗಳ ಇಯರ್‌ಫೋನ್ ತೆಗೆದುಕೊಂಡು ಕೂತೆ.

ಒಂದು ವಿಷಯ ಹೇಳಬೇಕು. ಕೇಳುವವರಿಗೆ ತಾಳ ಬದಲಾದ ಹಾಗೆ ಅನಿಸುವುದು ಸಹಜ. ಆದರೆ ಬಹುಪಾಲು ಹಾಡುಗಳಲ್ಲಿ ನಾಲ್ಕರ ಎಣಿಕೆ ಎಲ್ಲೂ ತಪ್ಪಿಲ್ಲ. ಬದಲಾಗುವುದು ಪೆಟ್ಟು ಬೀಳುವ ಜಾಗ. ಡ್ರಮ್‌ನವನು ಪೆಟ್ಟನ್ನು ಕೂದಲೆಳೆಯಷ್ಟು ತಡವಾಗಿ ಹಾಕುತ್ತಾನೆ, ಹಾಡುವವನು ಅದಕ್ಕಿಂತ ಮುಂಚೆ ಹೋಗಿರುತ್ತಾನೆ. ಇಬ್ಬರ ನಡುವೆ ಆ ಎಳೆದಾಟ ಇದೆಯಲ್ಲ, ಅದೇ ಮಜಾ. ನಮ್ಮ ಕಡೆ ಹಳೆ ತಬಲಾದವರು ಭಜನಿ ಠೇಕಾ ಬಾರಿಸುವಾಗ ಇದನ್ನೇ ಮಾಡುತ್ತಾರೆ. ಎಂಟು ಮಾತ್ರೆ ಬಿಡುವುದಿಲ್ಲ, ಆದರೆ ಎಡಗೈ ಡಗ್ಗಾ ಸ್ವಲ್ಪ ಹಿಂದೆ ಜಾರಿಸುತ್ತಾರೆ. ಹಾಡುವವರಿಗೆ ಆಗ ಉಸಿರು ತೆಗೆದುಕೊಳ್ಳಲು ಜಾಗ ಸಿಗುತ್ತದೆ.

ತಮ್ಮಾ, ನೀವು ತತ್ವಪದ ಸೇರಿಸುವುದಾದರೆ ನನ್ನದೊಂದೇ ಮಾತು. ಎಂಟು ಮಾತ್ರೆಯ ಪದ ಆರಿಸಿಕೊಳ್ಳಿ. ಎಂಟು ಅಂದರೆ ನಾಲ್ಕು ನಾಲ್ಕು, ನಿಮ್ಮ ಬೀಟಿಗೆ ತಾನಾಗಿ ಕೂರುತ್ತದೆ. ದಾದ್ರಾದ ಆರು, ರೂಪಕದ ಏಳು ಈಗಲೇ ಬೇಡ.

ಬೀದರ್ ಬೀಟ್ಸ್

ಮಾಸ್ತರ್ರೇ, ನೀವು ಹೇಳಿದ ಆ ಜಾರುವಿಕೆಗೆ ಹಿಪ್‌ಹಾಪ್‌ನಲ್ಲಿ ಬೀಟ್ ಕಟ್ಟುತ್ತಿದ್ದ ಜೆ ಡಿಲ್ಲಾ ಹೆಸರು ಹೇಳುತ್ತಾರೆ. ಯಂತ್ರ ಪೆಟ್ಟುಗಳನ್ನೆಲ್ಲ ಗೆರೆಗೆ ಸರಿಯಾಗಿ ಕೂರಿಸುತ್ತದೆ. ಅವರು ಅದನ್ನು ಬಿಟ್ಟು ಬೆರಳಿನಿಂದ ಬಾರಿಸಿದ ಪೆಟ್ಟು ಬಿದ್ದಲ್ಲೇ ಇರಲಿ ಅಂತ ಇಟ್ಟವರು. ಆಮೇಲೆ ಡ್ರಮ್ ಬಾರಿಸುವವರೂ ಅದನ್ನು ಕಲಿತರು.

ಆದರೆ ಆರು, ಏಳು ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೊದಲ ಆಲ್ಬಮ್ಮಿನಲ್ಲೇ ಸಲೀಸು ದಾರಿ ಹಿಡಿದರೆ ಆಮೇಲೆ ಯಾವಾಗ ಮಾಡುವುದು?

ಡಗ್ಗಾ ಮಾಸ್ತರ

ಏಳು ಮಾತ್ರೆಯಲ್ಲಿ ತಪ್ಪದೆ ಮಾತಾಡಲು ಬಂದ ಮೇಲೆ ಮಾಡಿ. ವೇದಿಕೆ ಮೇಲೆ ಸಮ್, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿ ಅಂತ ಹುಡುಕುವ ಪರಿಸ್ಥಿತಿ ಬೇಡ.

ಸುರಪುರದವಳು

ಎಲ್ಲರೂ ವಾದ್ಯದ ಬಗ್ಗೆಯೇ ಮಾತಾಡುತ್ತಿದ್ದೀರಿ. ಈ ಆಲ್ಬಂ ಕುಸಿಯದೆ ನಿಂತಿರುವುದು ಬರವಣಿಗೆಯಿಂದ.

ಗಮನಿಸಿ, ಒಂದು ಪದ್ಯ ಇದೆ. ಹಾಡುಗಳ ನಡುವೆ ನಡುವೆ ಕೆಂಡ್ರಿಕ್ ಅದನ್ನು ಓದುತ್ತಾನೆ. ಪ್ರತಿ ಸಲ ಮೊದಲಿನಿಂದ ಶುರುಮಾಡಿ, ಹಿಂದಿನ ಸಲಕ್ಕಿಂತ ಸ್ವಲ್ಪ ಮುಂದಕ್ಕೆ ಹೋಗಿ ನಿಲ್ಲಿಸುತ್ತಾನೆ. ನಿಂತ ಸಾಲು ಯಾವುದೋ ಮುಂದಿನ ಹಾಡು ಅದರದ್ದೇ. ಆರನೇ ಹಾಡು ‘ಯು’. ಹೋಟೆಲ್ ಕೋಣೆಯಲ್ಲಿ ಒಬ್ಬನೇ ಕುಡಿದು ತನ್ನನ್ನು ತಾನೇ ಬೈದುಕೊಳ್ಳುವುದು. ದನಿ ಒಡೆದು ಅಳು ಬಂದುಬಿಡುತ್ತದೆ. 15ನೇ ಹಾಡು ‘ಐ’. ಅದರಲ್ಲಿ ತನ್ನನ್ನು ತಾನು ಪ್ರೀತಿಸುವುದು. ಐಸ್ಲಿ ಬ್ರದರ್ಸ್ ಅವರ ಹಳೆ ಹಾಡಿನ ಧಾಟಿ ಮೇಲೆ ಕಟ್ಟಿದ್ದು. ಈ ಎರಡರ ನಡುವಿನ ದಾರಿಯೇ ಆಲ್ಬಂ. ಕೊನೆಯ ಹಾಡು ಹನ್ನೆರಡು ನಿಮಿಷದ್ದು. ಪದ್ಯವನ್ನು ಅಲ್ಲಿ ಪೂರ್ತಿ ಓದುತ್ತಾನೆ. ಆಗ ಗೊತ್ತಾಗುತ್ತದೆ, ಅಷ್ಟು ಹೊತ್ತು ಓದಿ ಹೇಳುತ್ತಿದ್ದದ್ದು ಹಿಂದಿನ ದೊಡ್ಡ ರಾಪರ್ ಟುಪಾಕ್‌ಗೆ ಅಂತ. ಟುಪಾಕ್ ತೀರಿಕೊಂಡದ್ದು 1996ರಲ್ಲಿ. 1994ರಲ್ಲಿ ಸ್ವೀಡನ್ ರೇಡಿಯೋಗೆ ಕೊಟ್ಟ ಸಂದರ್ಶನದ ದನಿ ತೆಗೆದು, ಇವನ ಪ್ರಶ್ನೆಗೆ ಅವನ ಉತ್ತರ ಬರುವ ಹಾಗೆ ಜೋಡಿಸಿದ್ದಾರೆ. ಕೊನೆಗೆ ಇವನು ಕೇಳುವ ಒಂದು ಪ್ರಶ್ನೆಗೆ ಆ ಕಡೆಯಿಂದ ಉತ್ತರವೇ ಇಲ್ಲ. ಮತ್ತೆ ಮತ್ತೆ ಹೆಸರು ಹಿಡಿದು ಕರೆಯುತ್ತಾನೆ. ಅಲ್ಲಿಗೆ ಮುಗಿಯಿತು.

ನನಗೆ ಮೈ ಜುಮ್ ಅಂದಿತ್ತು. ಇಂಥ ಕಟ್ಟಡ ಇದ್ದರೆ ಒಳಗೆ ಜಾಝ್ ಬರಲಿ, ತತ್ವಪದ ಬರಲಿ, ಏನು ಬಂದರೂ ತಡೆಯುತ್ತದೆ. ಅದು ಇಲ್ಲದಿದ್ದರೆ ಎಷ್ಟು ವಾದ್ಯ ತಂದರೂ ಅಷ್ಟೇ. ಅಪ್ಪನಕೆರೆ ತಮ್ಮಾ, ನಿಮ್ಮ ಆಲ್ಬಂ ಹೇಳುವುದು ಏನು? ಅದನ್ನು ಮೊದಲು ಹೇಳು.

ಶಹಾಪುರ ಸ್ಪೀಕರ್

ಇದೇ ಆಲ್ಬಮ್ಮಿಗೆ ಅಲ್ವಾ ಪುಲಿಟ್ಜರ್ ಬಂದದ್ದು?

ಸುರಪುರದವಳು

ಅಲ್ಲ. ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂದದ್ದು 2018ರಲ್ಲಿ, ಅವರ ಮುಂದಿನ ಆಲ್ಬಂ ‘ಡ್ಯಾಮ್’ಗೆ. ಇದಕ್ಕೆ ಸಿಕ್ಕಿದ್ದು ಗ್ರ್ಯಾಮಿಯ ಅತ್ಯುತ್ತಮ ರಾಪ್ ಆಲ್ಬಂ. 2016ರ ಆ ಸಮಾರಂಭದಲ್ಲಿ ಕೆಂಡ್ರಿಕ್‌ಗೆ 11 ನಾಮನಿರ್ದೇಶನ ಇತ್ತು. ವರ್ಷದ ಆಲ್ಬಂ ಮಾತ್ರ ಟೇಲರ್ ಸ್ವಿಫ್ಟ್ ಪಾಲಾಯಿತು. ಅದು ನನಗೆ ಇವತ್ತಿಗೂ ಅನ್ಯಾಯ ಅನಿಸುತ್ತದೆ.

ಬೆಂಗಳೂರಲ್ಲಿ ಬೀದರ್‌ನವ

ಪ್ರಶಸ್ತಿ ಬಿಡಿ ಅಕ್ಕಾ. ಏಳನೇ ಹಾಡು ‘ಆಲ್‌ರೈಟ್’ ಅನ್ನು 2015ರಲ್ಲೇ ಕಪ್ಪು ಜನರ ಮೇಲಿನ ದೌರ್ಜನ್ಯದ ವಿರುದ್ಧದ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಚಳವಳಿಯ ಜನ ಬೀದಿಯಲ್ಲಿ ಘೋಷಣೆ ಮಾಡಿಕೊಂಡು ಕೂಗಿದರು. ಜಾಝ್ ಅಂದರೆ ಓದಿದವರಿಗಷ್ಟೆ ಅನ್ನುವವರು ಇದನ್ನು ನೋಡಬೇಕು.

ಭೀಮಾ ತೀರ

ನನಗೆ ಒಂದು ತಕರಾರು ಇದೆ. ನೇರವಾಗಿ ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ.

ತತ್ವಪದ ಅಂದರೆ ನಮ್ಮ ಮನೆಯಲ್ಲಿ ಅಮಾವಾಸ್ಯೆ ದಿನ ಸ್ನಾನ ಮಾಡಿ, ದೀಪ ಹಚ್ಚಿ, ರಾತ್ರಿಯಿಡೀ ಹಾಡುವುದು. ನಮ್ಮ ಅಜ್ಜ ಹಾಡುತ್ತಿದ್ದರು, ಕಾಕಾ ಈಗಲೂ ಹಾಡುತ್ತಾರೆ. ಕಡಕೋಳ ಮಡಿವಾಳಪ್ಪನವರ ಪದ ಅಂದರೆ ಗುರುವಿನ ಮಾತು. ನೀವು ಹೇಳುವ ಆ ಆಲ್ಬಮ್ಮಿನಲ್ಲಿ ಹೆಜ್ಜೆಗೊಂದು ಬೈಗುಳ. ಅದರ ಪಕ್ಕ ಮಡಿವಾಳಪ್ಪನವರ ಪದ ಕೂರಿಸುವುದನ್ನು ನನ್ನ ಕೈಲಿ ಒಪ್ಪಿಕೊಳ್ಳಲು ಆಗುವುದಿಲ್ಲ. ಹಾಡಿಗೆ ಹಾಡು ಬೆರೆಸಬಹುದು, ಹಾಡುವವರ ನಡತೆ?

ಬೆಂಗಳೂರಲ್ಲಿ ಬೀದರ್‌ನವ

ತತ್ವಪದಕಾರರು ಮೆತ್ತಗೆ ಮಾತಾಡಿದವರೇನಲ್ಲ ರೀ. ಜಾತಿ, ಮಡಿ, ಡಂಭಾಚಾರ ಎಲ್ಲವನ್ನೂ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾರೆ. ಕಡಕೋಳದ ಶಿಷ್ಯ ಪರಂಪರೆ ನೋಡಿ, ಚನ್ನೂರ ಜಲಾಲಸಾಹೇಬರು ಇದ್ದಾರೆ, ಖೈನೂರ ಕೃಷ್ಣಪ್ಪನವರು ಇದ್ದಾರೆ. ಯಾವ ಜಾತಿ, ಯಾವ ಧರ್ಮ ಅಂತ ಯಾರಾದರೂ ಕೇಳಿದರಾ? ಇಷ್ಟು ಧೈರ್ಯದ ಪದ ರಾಪ್‌ಗೆ ಹೊಂದದಿದ್ದರೆ ಇನ್ಯಾವುದು ಹೊಂದಬೇಕು?

ಭೀಮಾ ತೀರ

ಧೈರ್ಯ ಇತ್ತು, ಒಪ್ಪಿದೆ. ಬೈಗುಳ ಇರಲಿಲ್ಲ. ಹಾಡುವ ಮುಂಚೆ ಅವರು ಬದುಕಿ ತೋರಿಸಿದ್ದರು. ನಾನು ಬೇಡ ಅನ್ನುತ್ತಿಲ್ಲ. ಅದನ್ನು ಹಾಡುವವರು ಅದನ್ನು ಕಲಿತವರಾಗಿರಲಿ, ಅವರ ಎದುರಿಗೆ ಕೂತು ಕೇಳಿ ಮಾಡಿ.

ಸುರಪುರದವಳು

ಭೀಮಾ ಅಣ್ಣನ ಮಾತಿಗೆ ನನ್ನ ಒಂದು ಓಟು. ಬೀದರ್ ಬೀಟ್ಸ್ ಮೇಲೆ ಹೇಳಿದ್ದೂ ಅದನ್ನೇ ಅಲ್ವಾ? ನುಡಿಸುವವರು ಎದುರಿಗೆ ಇರಬೇಕು ಅಂತ.

ಬೈಗುಳದ ಬಗ್ಗೆ ಮಾತ್ರ ಒಂದು ಸೇರಿಸುತ್ತೇನೆ. ಕೆಂಡ್ರಿಕ್ ಬಳಸುವ ಮಾತು ಅವರ ಗಲ್ಲಿಯ ಮಾತು. ನಮ್ಮ ಹುಡುಗರು ಅದನ್ನು ನಕಲು ಮಾಡಿ ಕನ್ನಡದಲ್ಲಿ ಬೈದರೆ ಅದು ಯಾರ ಗಲ್ಲಿಯದ್ದೂ ಆಗುವುದಿಲ್ಲ. ಅದನ್ನು ಬಿಟ್ಟುಬಿಡಿ. ಏನೂ ಕಮ್ಮಿ ಆಗುವುದಿಲ್ಲ.

ರೋಜಾ ಭಾಯ್

ಅಸ್ಸಲಾಮು ಅಲೈಕುಂ, ಎಲ್ಲರಿಗೂ ನಮಸ್ಕಾರ. ದರ್ಗಾ ಹತ್ತಿರದವನು ನಾನು. ಖವ್ವಾಲಿ ಅಂತ ಮೊದಲ ಪೋಸ್ಟಿನಲ್ಲಿ ಬರೆದು ಎಲ್ಲರೂ ಮರೆತುಬಿಟ್ಟಿದ್ದೀರಿ.

ಬಂದೇ ನವಾಜ್ ದರ್ಗಾದಲ್ಲಿ ಉರುಸಿಗೆ ಖವ್ವಾಲಿ ಕೇಳಿದವರಿಗೆ ಗೊತ್ತು. ಒಬ್ಬರು ಸಾಲು ಎತ್ತುತ್ತಾರೆ, ಉಳಿದವರು ಚಪ್ಪಾಳೆ ಹಾಕುತ್ತಾ ಅದನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಮುಖ್ಯ ಹಾಡುಗಾರ ಆ ಸಾಲಿನ ಮೇಲೆ ಹೊಸ ಹೊಸ ಸಾಲು ಸೇರಿಸುತ್ತಾ ಹೋಗುತ್ತಾನೆ. ಕೂತವರಲ್ಲಿ ಯಾರಿಗಾದರೂ ಒಂದು ಸಾಲು ಹಿಡಿಸಿತು ಅಂದರೆ ಮುಂದೆ ಹೋಗುವುದಿಲ್ಲ, ಅದನ್ನೇ ಹಿಡಿದು ಕೂರುತ್ತಾರೆ. ರಾಪ್‌ನಲ್ಲಿ ಮರಳಿ ಮರಳಿ ಬರುವ ಸಾಲಿಗೆ ಹುಕ್ ಅನ್ನುತ್ತೀರಲ್ಲ, ಅದನ್ನು ಎಷ್ಟು ಸಲ ಹೇಳಬೇಕು ಅಂತ ಕೇಳುವವರೇ ತೀರ್ಮಾನ ಮಾಡಿದರೆ ಹೇಗಿರುತ್ತದೆ ಯೋಚಿಸಿ.

ಇನ್ನೊಂದು ಇದೆ. ದಖನ್ನಿನ ಸೂಫಿಗಳು ಚಕ್ಕಿನಾಮಾ ಅಂತ ಬರೆದಿದ್ದಾರೆ. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು ಹಾಡಲಿ ಅಂತ ದಖನಿಯಲ್ಲಿ, ಅಂದರೆ ನಮ್ಮ ಕಡೆಯ ಉರ್ದುವಿನಲ್ಲಿ, ಕಟ್ಟಿದ ಪದ. ಪಕ್ಕದ ಮನೆಯಲ್ಲಿ ಕನ್ನಡದ ಬೀಸುವ ಪದ. ಎರಡಕ್ಕೂ ಲಯ ಕಲ್ಲಿನದ್ದೇ. ಕಲ್ಲು ಒಂದು ಸುತ್ತು ಬಂತು ಅಂದರೆ ಒಂದು ಸಾಲು ಮುಗಿಯಬೇಕು. ಒಂದೇ ತುಂಡು ಸುತ್ತಿ ಸುತ್ತಿ ಬರುವ ಲೂಪ್ ಅಂದರೆ ಇದೇ ಅಲ್ಲೇನ್ರಿ? ಬೀಸುವ ಕಲ್ಲಿನ ಸದ್ದು ರೆಕಾರ್ಡ್ ಮಾಡಿ ಅದನ್ನೇ ಬೀಟ್ ಮಾಡಿಕೊಳ್ಳಿ. ಮೇಲೆ ಒಂದು ಭಾಗ ಕನ್ನಡ, ಒಂದು ಭಾಗ ದಖನಿ. ನಮ್ಮ ಓಣಿಯಲ್ಲಿ ಹುಡುಗರು ಮಾತಾಡುವುದು ಹಾಗೆಯೇ. ಒಂದೇ ವಾಕ್ಯದಲ್ಲಿ ‘ನಕ್ಕೋ’ನೂ ಬರುತ್ತದೆ, ‘ಬ್ಯಾಡ’ನೂ ಬರುತ್ತದೆ.

ಅಪ್ಪನಕೆರೆ ಹುಡುಗ, ಕಲಬುರಗಿ

ಭಾಯ್, ಇದು ನಮ್ಮ ತಲೆಗೆ ಬಂದೇ ಇರಲಿಲ್ಲ. ನಮ್ಮ ನಾಲ್ವರಲ್ಲಿ ಒಬ್ಬನ ಮನೆಮಾತು ದಖನಿಯೇ. ಅವನು ಇಷ್ಟು ದಿನ ಬರೀ ಕನ್ನಡದಲ್ಲಿ ಬರೆಯಲು ಒದ್ದಾಡುತ್ತಿದ್ದಾನೆ. ಇವತ್ತೇ ತೋರಿಸುತ್ತೇನೆ ಇದನ್ನು.

ಸುರಪುರದವಳು

ತಿಂಥಣಿ ಮೌನೇಶ್ವರ ಜಾತ್ರೆಗೆ ಬಂದು ಕೇಳಿ. ಅಲ್ಲಿ ಜಯಘೋಷ ಕೂಡ ದಖನಿ ಬೆರೆತದ್ದೇ. ಯಾರಿಗೂ ಅದು ಬೇರೆ ಭಾಷೆ ಅನಿಸುವುದಿಲ್ಲ.

ಪ್ರಾಸಪ್ರೇಮಿ

ಬರವಣಿಗೆ ಅಂದ ಕೂಡಲೇ ಬಂದೆ. ಕನ್ನಡ ರಾಪ್ ಕೇಳುವಾಗ ನನಗೆ ಸಿಟ್ಟು ಬರುವ ಜಾಗ ಒಂದಿದೆ. ಸಾಲಿನ ಕೊನೆಗೆ ಬರ್ತೀನಿ, ಹೋಗ್ತೀನಿ, ಮಾಡ್ತೀನಿ, ನೋಡ್ತೀನಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಇದು ಕಷ್ಟವಿಲ್ಲದೆ ಸಿಗುತ್ತದೆ. ಕಷ್ಟವಿಲ್ಲದೆ ಸಿಕ್ಕ ಪ್ರಾಸಕ್ಕೆ ಬೆಲೆ ಇಲ್ಲ.

ನಮ್ಮ ಹಳೆಯ ಕವಿಗಳು ಕೊನೆಗಿಂತ ಮೊದಲಿಗೆ ಗಮನ ಕೊಟ್ಟರು. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕು ಅಂತ. ಆದಿಪ್ರಾಸ. ರಾಪ್‌ಗೆ ಇದು ಭಾಳ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಅಲ್ಲೂ ಒಳಪ್ರಾಸವೇ ಜೀವ. ಎರಡನೇ ಅಕ್ಷರವನ್ನು ಸಾಲಿನ ಮೊದಲಿಗಷ್ಟೇ ಅಲ್ಲ, ಒಳಗೂ ಹರಡಿ. ಈಗಷ್ಟೇ ಬರೆದದ್ದು, ಸುಮ್ನೆ ಉದಾಹರಣೆಗೆ:

ತೊಗರಿ ಬಾಡಿ ಮುಗಿಲ ನೋಡಿ ನಗಲಾರದ ಅಪ್ಪ
ನಗರ ಸೇರಿದ ಮಗನ ಹೆಗಲಿಗೂ ಹಗಲ ಬಿಸಿಲ ಕಪ್ಪ

‘ಗ’ ಎಲ್ಲೆಲ್ಲಿ ಬಿದ್ದಿದೆ ನೋಡಿ. ಪೆಟ್ಟನ್ನು ಅದರ ಮೇಲೆ ಹಾಕಿ ಜೋರಾಗಿ ಓದಿ.

ವಚನ ಬಳಸುವುದಾದರೆ ಬೇರೆ ದಾರಿ. ಅದಕ್ಕೆ ಕಟ್ಟುನಿಟ್ಟಾದ ಛಂದಸ್ಸಿಲ್ಲ, ಮಾತಿನ ಓಟ ಇದೆ. ಬೀಟ್ ಮೇಲೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಆದರೆ ರಾಗ ಹಾಕಿ ಹಾಡಲು ಹೋಗಬೇಡಿ, ಅದನ್ನು ಬೇಕಾದಷ್ಟು ಜನ ಮಾಡಿದ್ದಾರೆ. ಹೇಳಿ.

ಸ್ಟೇಷನ್ ಬಜಾರ್

ಆ ಎರಡು ಸಾಲು ಚೆನ್ನಾಗಿವೆ ರೀ. ಇನ್ನೂ ಬರೆಯಿರಿ.

ಮತ್ತೆ, ‘ಕಿಂಗ್ ಕುಂಟಾ’ ಕೇಳಿದೆ. ಬೇಸ್ ಭಾರಿ ಇದೆ. ಅದರ ಮುಂದಿನದ್ದೂ ಕೇಳಿದೆ. ಇನ್ನೂ ಪೂರ್ತಿ ಒಪ್ಪಿಲ್ಲ.

ಶಹಾಪುರ ಸ್ಪೀಕರ್

ಬೇಸ್ ಕೇಳಬೇಕಂದರೆ ನಮ್ಮ ಗಣಪತಿ ಮೆರವಣಿಗೆಗೆ ಬನ್ನಿ, ಡಿಜೆ ಬಾಕ್ಸ್ ಮುಂದೆ ನಿಂತರೆ ಎದೆ ಅದುರುತ್ತದೆ.

ಡಗ್ಗಾ ಮಾಸ್ತರ

ಅದೇ ಬಾಕ್ಸ್ ಬಂದ ಮೇಲೆ ಹಲಗೆಯವರನ್ನು ಕರೆಯುವವರು ಇಲ್ಲದಂತಾಯಿತು. ಅದನ್ನೂ ಹೇಳಪ್ಪಾ.

ಶಹಾಪುರ ಸ್ಪೀಕರ್

ಖರೇ ಮಾತು ಮಾಸ್ತರ್ರೇ. ನಮ್ಮ ಮಾಮಾ ಹಲಗೆ ಬಾರಿಸುತ್ತಾರೆ, ಅವರೂ ಇದನ್ನೇ ಹೇಳುತ್ತಾರೆ.

ಹಲಗೆ ರೆಕಾರ್ಡ್ ಮಾಡುವವರಿಗೆ ಒಂದು ಮಾತು, ನಾನು ಮಾಮಾ ಜೊತೆ ಇದ್ದು ನೋಡಿದ್ದು. ಬಾರಿಸುವ ಮುಂಚೆ ಹುಲ್ಲು, ಕಾಗದ ಏನಾದರೂ ಹೊತ್ತಿಸಿ ಹಲಗೆಯ ಚರ್ಮ ಕಾಯಿಸುತ್ತಾರೆ. ಉರಿಗೆ ಹಿಡಿದು, ಸುತ್ತಾ ತಿರುಗಿಸಿ, ಬೆರಳಿನಿಂದ ಟಣ್ ಟಣ್ ಅಂತ ಹೊಡೆದು ನೋಡುತ್ತಾರೆ. ದನಿ ಬಿಗಿ ಆಗುವವರೆಗೆ ಮತ್ತೆ ಹಿಡಿಯುತ್ತಾರೆ. ಬಾರಿಸುತ್ತಾ ಬಾರಿಸುತ್ತಾ ಚರ್ಮ ಸಡಿಲಾಗಿ ದನಿ ಇಳಿಯುತ್ತದೆ. ಮತ್ತೆ ಉರಿ. ಅಂದರೆ ಮೊದಲ ಟೇಕಿನ ಹಲಗೆ ಮತ್ತೆ ನಾಲ್ಕನೇ ಟೇಕಿನ ಹಲಗೆ ಒಂದೇ ದನಿ ಇರುವುದಿಲ್ಲ. ಇದನ್ನು ಕತ್ತರಿಸಿ ಅದಕ್ಕೆ ಅಂಟಿಸುತ್ತೇನೆ ಅಂದರೆ ಗೊತ್ತಾಗಿಬಿಡುತ್ತದೆ. ಒಂದೇ ಏಟಿಗೆ ಪೂರ್ತಿ ಬಾರಿಸಲು ಬಿಡಿ. ಮೈಕ್ ಚರ್ಮದ ಎದುರಿಗೆ ಬೇಡ, ಸ್ವಲ್ಪ ಓರೆಯಾಗಿ, ದೂರ ಇಡಿ. ಹತ್ತಿರ ಇಟ್ಟರೆ ಬರೀ ಕೋಲಿನ ಚಟ್ ಚಟ್ ಕೇಳುತ್ತದೆ.

ಮೊಹರಂ ಪದಕ್ಕೂ ಇದೇ. ರಿವಾಯತ, ಅಂದರೆ ಈ ಮೊಹರಂ ಪದ, ಹಾಡುವವರು ನಿಂತು ಹಾಡುವುದಿಲ್ಲ. ಗುಂಪು ಸುತ್ತುತ್ತಾ, ಹೆಜ್ಜೆ ಹಾಕುತ್ತಾ, ಮುಂದಿನವರು ಹೇಳಿದ್ದನ್ನು ಹಿಂದಿನವರು ಎತ್ತುತ್ತಾರೆ. ಕರ್ಬಲಾದ ಕಥೆ, ಭಾಷೆ ನಮ್ಮ ಕನ್ನಡ, ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಅವರನ್ನು ಕೋಣೆಯಲ್ಲಿ ಮೈಕ್ ಮುಂದೆ ನಿಲ್ಲಿಸಿದರೆ ಲಯವೇ ಹೋಗುತ್ತದೆ. ಹೆಜ್ಜೆಯೇ ಅವರ ಡ್ರಮ್. ಊರಿಗೆ ಹೋಗಿ ಅಂಗಳದಲ್ಲಿ ಮಾಡಿ.

ಬೀದರ್ ಬೀಟ್ಸ್

ಇದು ಚಿನ್ನದಂಥ ಮಾಹಿತಿ. ಇದರ ಜೊತೆ ಇನ್ನೊಂದು. ಅವರಿಗೆ ಕಿವಿಯಲ್ಲಿ ಕ್ಲಿಕ್, ಅಂದರೆ ಲಯ ಎಣಿಸುವ ಯಂತ್ರದ ಟಕ್ ಟಕ್, ಕೇಳಿಸಿ ಅದಕ್ಕೆ ಸರಿಯಾಗಿ ಹಾಡಿ ಅನ್ನಬೇಡಿ. ಹಾಡುತ್ತಾ ಹಾಡುತ್ತಾ ಲಯ ಏರುವುದು ಆ ಹಾಡಿನ ಗುಣ. ಮೊದಲು ಅವರದ್ದನ್ನು ಹಾಗೇ ರೆಕಾರ್ಡ್ ಮಾಡಿ. ಆಮೇಲೆ ಕಂಪ್ಯೂಟರಿನಲ್ಲಿ ಅವರ ಪೆಟ್ಟು ಎಲ್ಲೆಲ್ಲಿ ಬಿದ್ದಿದೆಯೋ ಅಲ್ಲಲ್ಲಿ ಗುರುತು ಹಾಕಿ ನಿಮ್ಮ ಬೀಟಿನ ವೇಗವನ್ನೇ ಅದಕ್ಕೆ ಹೊಂದಿಸಿ. ನಿಮ್ಮ ಡ್ರಮ್, ನಿಮ್ಮ ರಾಪ್ ಅವರ ಹಿಂದೆ ಹೋಗಲಿ. ಕೆಲಸ ಜಾಸ್ತಿ, ಆದರೆ ದಾರಿ ಇದೇ.

ಬೆಂಗಳೂರಲ್ಲಿ ಬೀದರ್‌ನವ

ಅಷ್ಟು ಮಾಡುವ ಬದಲು ಹಳೆ ಕ್ಯಾಸೆಟ್‌ನಲ್ಲಿರುವ ತತ್ವಪದ ಸ್ಯಾಂಪಲ್ ಮಾಡಬಹುದಲ್ಲ? ಹೇಗೂ ಜನಪದ, ಯಾರ ಸ್ವತ್ತೂ ಅಲ್ಲ.

ವಕೀಲ ಅಕ್ಕ

ಇಲ್ಲೇ ಹಲವರು ಸಿಕ್ಕಿಬೀಳುವುದು. ಪದ ಹಳೆಯದು, ಅದಕ್ಕೆ ಕಾಪಿರೈಟ್ ಇಲ್ಲದಿರಬಹುದು. ಆದರೆ ಆ ಕ್ಯಾಸೆಟ್ಟಿನಲ್ಲಿರುವ ದನಿಮುದ್ರಣಕ್ಕೆ ಬೇರೆಯೇ ಹಕ್ಕು ಇದೆ. ನಮ್ಮ 1957ರ ಕಾಯ್ದೆ ಪ್ರಕಾರ ದನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಹಾಡಿದವರಿಗೂ ಪ್ರದರ್ಶಕರ ಹಕ್ಕು ಅಂತ ಇದೆ. ಕೇಳದೆ ತುಂಡು ತೆಗೆದರೆ ನಾಳೆ ಆ್ಯಪ್‌ಗಳಿಂದ ನಿಮ್ಮ ಹಾಡು ತೆಗೆದುಹಾಕಿಬಿಡುತ್ತಾರೆ.

ಅಮೆರಿಕದಲ್ಲೂ ಇದೇ ಆಯಿತು. 1991ರಲ್ಲಿ ಅಲ್ಲಿನ ಕೋರ್ಟು ಅನುಮತಿ ಇಲ್ಲದ ಸ್ಯಾಂಪಲ್ ವಿರುದ್ಧ ಕಠಿಣ ತೀರ್ಪು ಕೊಟ್ಟ ಮೇಲೆ ಎಲ್ಲರೂ ಎಚ್ಚೆತ್ತರು. ಡೆ ಲಾ ಸೋಲ್ ಅನ್ನುವ ರಾಪ್ ತಂಡದ 1989ರ ಮೊದಲ ಆಲ್ಬಂ ತುಂಬಾ ಸ್ಯಾಂಪಲ್. ಆ ಹಕ್ಕುಗಳ ತೊಡಕಿನಿಂದಾಗಿ ಅದು ಸ್ಟ್ರೀಮಿಂಗ್‌ಗೆ ಬಂದದ್ದು 2023ರ ಮಾರ್ಚ್‌ನಲ್ಲಿ.

ಹಾಡುವವರನ್ನು ಕರೆಸಿ ಹೊಸದಾಗಿ ಹಾಡಿಸಿ. ಒಂದು ಹಾಳೆ ಮೇಲೆ ಕನ್ನಡದಲ್ಲೇ ಬರೆಯಿರಿ. ಎಷ್ಟು ದುಡ್ಡು, ಮುಂದೆ ಬಂದದ್ದರಲ್ಲಿ ಎಷ್ಟು ಪಾಲು, ಹೆಸರು ಎಲ್ಲಿ ಬರುತ್ತದೆ. ಅವರಿಗೆ ಓದಿ ಹೇಳಿ ಸಹಿ ಮಾಡಿಸಿ, ಒಂದು ಪ್ರತಿ ಅವರ ಕೈಗೆ ಕೊಡಿ.

ಭೀಮಾ ತೀರ

ಅಕ್ಕಾ, ಇದನ್ನು ಹೇಳಿದ್ದು ಭಾಳ ಒಳ್ಳೆಯದಾಯಿತು. ನಮ್ಮ ಕಾಕಾ ಹಾಡಿದ್ದನ್ನು ಯಾರೋ ಬಂದು ಮೊಬೈಲಿನಲ್ಲಿ ಹಿಡಿದುಕೊಂಡು ಹೋದರು. ಆಮೇಲೆ ಅದು ಒಂದು ವಿಡಿಯೋ ಹಿಂದೆ ಕೇಳಿಸಿತು. ಹೆಸರಿಲ್ಲ, ಊರಿಲ್ಲ. ಕಾಕಾ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ಆಮೇಲೆ ಯಾರಾದರೂ ಮೊಬೈಲ್ ತೆಗೆದರೆ ಹಾಡುವುದನ್ನೇ ನಿಲ್ಲಿಸುತ್ತಾರೆ.

ಶಹಾಪುರ ಸ್ಪೀಕರ್

ಕಲಬುರಗಿಯಲ್ಲಿ ಸ್ಟುಡಿಯೋ ಬಾಡಿಗೆ ಜಾಸ್ತಿ ಅಲ್ವಾ? ಮನೆಯಲ್ಲೇ ಮಾಡುತ್ತೀರಾ?

ಅಪ್ಪನಕೆರೆ ಹುಡುಗ, ಕಲಬುರಗಿ

ಮನೆಯಲ್ಲೇ. ಮೈಕ್ ಸುತ್ತ ಅಜ್ಜಿಯ ಕೌದಿಗಳನ್ನು ಹಗ್ಗಕ್ಕೆ ಹಾಕಿ ಇಳಿಬಿಡುತ್ತೇವೆ. ದನಿ ಗುಂಯ್ ಅನ್ನುವುದು ಎಷ್ಟೋ ಕಮ್ಮಿ ಆಗುತ್ತದೆ. ತೊಂದರೆ ಅಂದರೆ ಬೇಸಿಗೆ. 42 ಡಿಗ್ರಿಯಲ್ಲಿ ಫ್ಯಾನ್ ಬಂದ್ ಮಾಡಿ, ಕೌದಿ ಒಳಗೆ ನಿಂತು ಹಾಡಬೇಕು. ಅದಕ್ಕೆ ರಾತ್ರಿ ಎರಡು ಗಂಟೆ ಮೇಲೆ ಕೂರುತ್ತೇವೆ.

ಸ್ಟೇಷನ್ ಬಜಾರ್

ರಾತ್ರಿ ಕೂತರೆ ಬೆಳಿಗ್ಗೆ ತಹರಿ ತಿಂದು ಮಲಗಿ.

ರೋಜಾ ಭಾಯ್

ನಮ್ಮ ಕಡೆ ಬನ್ನಿ, ಬಿಸಿ ತಹರಿ ನಾನೇ ಕೊಡಿಸುತ್ತೇನೆ. ಬೀಸುವ ಕಲ್ಲೂ ನಮ್ಮ ಅಮ್ಮಿಯದ್ದು ಇನ್ನೂ ಇದೆ.

ಸುರಪುರದವಳು

ತಹರಿ ಆಮೇಲೆ. ತಮ್ಮಾ, ನನ್ನ ಪ್ರಶ್ನೆಗೆ ನೀನು ಇನ್ನೂ ಉತ್ತರ ಕೊಟ್ಟಿಲ್ಲ. ಆಲ್ಬಂ ಯಾವುದರ ಬಗ್ಗೆ?

ಅಪ್ಪನಕೆರೆ ಹುಡುಗ, ಕಲಬುರಗಿ

ಅಕ್ಕಾ, ಹೇಳುತ್ತೇನೆ. ನಮ್ಮ ನಾಲ್ವರ ಮನೆಯಲ್ಲೂ ಯಾರಾದರೂ ಒಬ್ಬರು ದುಡಿಯಲು ಮುಂಬೈಗೋ, ಪುಣೆಗೋ, ಹೈದರಾಬಾದಿಗೋ, ಬೆಂಗಳೂರಿಗೋ ಹೋದವರು. ತೊಗರಿ ಕೈಕೊಟ್ಟ ವರ್ಷ ಊರಿಗೆ ಊರೇ ಬಸ್ಸು, ರೈಲು ಹತ್ತುತ್ತದೆ. ಆಲ್ಬಂ ಅದರ ಬಗ್ಗೆ. ಹೋದವನು ಒಬ್ಬ, ಉಳಿದವಳು ಒಬ್ಬಳು, ಅವರ ನಡುವಿನ ಫೋನ್ ಮಾತು. ಇಷ್ಟು ಮಾತ್ರ ಗೊತ್ತಿತ್ತು. ತತ್ವಪದ ಎಲ್ಲಿ ಬರಬೇಕು ಅಂತ ಗೊತ್ತಿರಲಿಲ್ಲ.

ಸುರಪುರದವಳು

ಇದು ಗಟ್ಟಿ ವಿಷಯ. ಹಾಗಾದರೆ ಪ್ರತಿ ಸಂಗೀತಕ್ಕೂ ಒಂದು ಜಾಗ ತಾನಾಗಿ ಸಿಗುತ್ತದೆ. ಉಳಿದವಳ ದನಿಗೆ ಬೀಸುವ ಪದ. ಅವಳ ಭಾಗ ಬರೆಯಲು, ಹಾಡಲು ಒಬ್ಬ ಹೆಣ್ಣುಮಗಳನ್ನೇ ಕರೆಯಿರಿ, ನಾಲ್ವರು ಹುಡುಗರೇ ಊಹಿಸಿ ಬರೆಯಬೇಡಿ. ಹಬ್ಬಕ್ಕೆ ಊರಿಗೆ ಬಂದಾಗ ಮೊಹರಂ ಪದ, ಹಲಗೆ. ನಮ್ಮ ಕಡೆ ದುಡಿಯಲು ಹೋದವರು ಮೊಹರಂಗೆ ತಪ್ಪದೆ ಬರುತ್ತಾರೆ. ತತ್ವಪದ ಒಂದೇ ಇರಲಿ. ಅವನು ವಾಪಸ್ ರೈಲು ಹತ್ತುವ ಮುಂಚಿನ ರಾತ್ರಿ, ಪೂರ್ತಿ ಹಾಡಲಿ, ಅದರ ಮೇಲೆ ಯಾರೂ ರಾಪ್ ಮಾಡಬೇಡಿ.

ಬೀದರ್ ಬೀಟ್ಸ್

ಅಕ್ಕಾ, ಕೊನೆಯ ಮಾತು ಒಪ್ಪಲ್ಲ. ಅಲ್ಲೇ ರಾಪ್ ಬರಬೇಕು. ಪದ ಹಾಡುತ್ತಿರುವಾಗ ಇವನು ಅದರ ಜೊತೆ ವಾದಕ್ಕೆ ಇಳಿಯಬೇಕು. ‘ಗುರುವೇ, ಎಲ್ಲ ಬಿಡು ಅನ್ನುತ್ತೀಯಲ್ಲ, ಹೊಟ್ಟೆ ಬಿಡುವುದು ಹೇಗೆ’ ಅಂತ. ಇಲ್ಲದಿದ್ದರೆ ಎರಡೂ ಪಕ್ಕಪಕ್ಕ ಸುಮ್ಮನೆ ಕೂತ ಹಾಗೆ ಆಗುತ್ತದೆ.

ಭೀಮಾ ತೀರ

ಗುರುವಿನ ಜೊತೆ ವಾದ ಮಾಡುವುದು ತತ್ವಪದದಲ್ಲೇ ಇದೆ. ಪ್ರಶ್ನೆ ಹಾಕುವ ಪದ, ಅದಕ್ಕೆ ಉತ್ತರ ಕೊಡುವ ಪದ ಅಂತ ಭಜನೆಯಲ್ಲಿ ಎರಡು ಮೇಳ ರಾತ್ರಿಯಿಡೀ ಹಾಡುತ್ತವೆ. ಬೀದರ್ ಬೀಟ್ಸ್ ಹೇಳಿದ ಹಾಗೆ ಮಾಡಿದರೆ ನನ್ನ ತಕರಾರಿಲ್ಲ. ಬೈಗುಳ ಮಾತ್ರ ಬೇಡ.

ಕಾಕಾ ಹತ್ತಿರ ಕೇಳಿದೆ. ಮೊದಲು ಬಂದು ಕೂತು ಕೇಳಲಿ, ಮೊಬೈಲ್ ಹೊರಗೆ ಇಟ್ಟು ಬರಲಿ ಅಂದರು. ಬರುವ ಅಮಾವಾಸ್ಯೆಗೆ ಭಜನೆ ಇದೆ. ಯಾವ ಬಸ್ಸು ಅಂತ ಮೆಸೇಜ್ ಮಾಡುತ್ತೇನೆ.

ಅಪ್ಪನಕೆರೆ ಹುಡುಗ, ಕಲಬುರಗಿ

ನಾಲ್ಕೂ ಜನ ಬರುತ್ತೇವೆ ಅಣ್ಣಾ. ಮಾಸ್ತರ್ರೇ, ನೀವೂ ಬನ್ನಿ, ಎಂಟು ಮಾತ್ರೆಯ ಪದ ಯಾವುದು ಅಂತ ನೀವೇ ಹೇಳಬೇಕು.

ಡಗ್ಗಾ ಮಾಸ್ತರ

ಬರುತ್ತೇನೆ. ಏಳರದ್ದೂ ಒಂದು ಕೇಳಿಸುತ್ತೇನೆ, ಬೀದರ್‌ನವರು ಬಂದರೆ.